ಮಚ್ಚೆಗೆ ತಾಗದ ಗಂಟು

ಎಡಪ್ಪಳ್ಳಿಯ ಸೊಳ್ಳೆಗಳೆಂದರೆ ಬಂಟ್ವಾಳದ ಸೊಳ್ಳೆಗಳ ಹಾಗೆ ಸದ್ದಿಲ್ಲದೆ ಕಚ್ಚಿ ಓಡಿಹೋಗುವ ಕಳ್ಳ ಜಾತಿಯಲ್ಲ. ಸಂಜೆ ಆರೂವರೆಗೆ ಸರಿಯಾಗಿ ಕಾಲುವೆಯಿಂದ ಎದ್ದು, ಸಾಲು ಕಟ್ಟಿ, ಚೆಂಡೆ ಬಡಿದಷ್ಟು ಸದ್ದು ಮಾಡುತ್ತಾ ಬರುತ್ತಿದ್ದವು. ಒಂದು ಸಲ ಅಚ್ಯುತನ ಸೊಳ್ಳೆಪರದೆಯನ್ನು ನಾಲ್ಕೂ ಮೂಲೆಯಲ್ಲಿ ಹಿಡಿದೆತ್ತಿ, ಒಳಗೆ ಮಲಗಿದ್ದವನ ಸಮೇತ ಬಾಗಿಲವರೆಗೆ ಒಯ್ದಿದ್ದವು. ಬಾಗಿಲು ಕಿರಿದು, ಸಾಗಲಿಲ್ಲ, ಬಿಟ್ಟು ಹೋದವು. ಹೀಗೆಂದು ಅಚ್ಯುತನೇ ಆಫೀಸಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದ. ಅದೇ ಅವನು ನಗಿಸಿದ ಕೊನೆಯ ಕತೆ. ಆಮೇಲೆ ಸೊಳ್ಳೆ ಎಂಬ ಮಾತು ಕೇಳಿದರೆ ಸಾಕು, ಅವನ ಬಾಯಿಯ ನೀರು ಆರುತ್ತಿತ್ತು.

ಅಚ್ಯುತ ತಂತಿ ಆಫೀಸಿನವನು. ಕಟ್ಟು ಕಡ ಕಟ್ಟು ಕಡ ಎಂದು ಕೀಲಿ ಬಡಿದು ಊರಿಂದೂರಿಗೆ ಸುದ್ದಿ ಕಳಿಸುವ ಕೆಲಸ. ಎಪ್ಪತ್ತನೆಯ ಇಸವಿಯಲ್ಲಿ ಮಂಗಳೂರಿನಿಂದ ಎರ್ನಾಕುಳಕ್ಕೆ ವರ್ಗವಾಗಿ, ಎಡಪ್ಪಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದ. ಹೆಂಡತಿ ಸುಮಿತ್ರ, ಮಗಳು ನಿರ್ಮಲ. ನಿರ್ಮಲಳಿಗೆ ಆಗ ನಾಲ್ಕು ವರ್ಷ. ಬಂದ ಆರು ತಿಂಗಳಲ್ಲಿ ಅವಳು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡಲು ಕಲಿತಿದ್ದಳು. ಅಪ್ಪ ಆಫೀಸಿನಿಂದ ಬಂದ ಕೂಡಲೆ ಅವಳು ಚಾಪೆ ಬಿಡಿಸುತ್ತಿದ್ದಳು. ಅವನು ಅಂಗಾತ ಮಲಗಿ ಮೊಣಕಾಲು ಮಡಿಸಬೇಕು, ಅವಳು ಅವನ ಪಾದದ ಮೇಲೆ ಕೂತು ಅವನ ಎರಡೂ ಕೈ ಹಿಡಿಯಬೇಕು, ಅವನು ಕಾಲೆತ್ತಿ ತೂಗಬೇಕು. ಈ ತೂಗುಕಾಲು ಆಟ ಒಂದು ದಿನ ತಪ್ಪಿದರೆ ಎಡಪ್ಪಳ್ಳಿ ಜಂಕ್ಷನ್ನಿನ ಬಸ್ಸುಗಳು ನಿಲ್ಲುವಷ್ಟು ಅಳು.

ಹೆದರಿಕೆ ಹತ್ತಿದ್ದು ದೋಣಿಯಲ್ಲಿ. ಒಂದು ದಿನ ಜೆಟ್ಟಿಯಿಂದ ಮಟ್ಟಾಂಚೇರಿಗೆ ಹೋಗುವ ಬೋಟಿನಲ್ಲಿ ಎದುರು ಬೆಂಚಿನ ಮೇಲೆ ಒಬ್ಬ ಮೀನಿನವನು ಕೂತಿದ್ದ. ಅವನ ಒಂದು ಕಾಲು ಎಲ್ಲರ ಹಾಗೆ. ಇನ್ನೊಂದು ಮೊಣಕಾಲಿನಿಂದ ಕೆಳಗೆ ಒರಳುಕಲ್ಲಿನಷ್ಟು ದಪ್ಪ, ಬೆರಳುಗಳು ಆ ದಪ್ಪದೊಳಗೆ ಹುಗಿದುಹೋಗಿದ್ದವು. ಆನೆಕಾಲು ರೋಗ. ಕೊಚ್ಚಿಯ ಕಡೆ ಅದನ್ನು ಕಂಡರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಚ್ಯುತ ತಿರುಗಿ ನೋಡಿದ್ದಷ್ಟೇ ಅಲ್ಲ, ತನ್ನ ಅರೆಬರೆ ಮಲಯಾಳದಲ್ಲಿ ಕೇಳಿಯೂ ಬಿಟ್ಟ.

"ಚೇಟಾ, ಇದು ಶುರುವಾದದ್ದು ಹೇಗೆ?"

ಮೀನಿನವನು ಬೀಡಿ ಹಚ್ಚುತ್ತಾ ನಕ್ಕ. "ಮೊದಲು ಏನೂ ಇರಲಿಲ್ಲ ಸಾರೆ. ಏನೆಂದರೆ ಏನೂ ಇಲ್ಲ. ನಿಮ್ಮ ಕಾಲಿನ ಹಾಗೇ ಇತ್ತು."

ಅಷ್ಟೇ. ಆ ಮನುಷ್ಯ ಮಟ್ಟಾಂಚೇರಿಯಲ್ಲಿ ಇಳಿದು ಬುಟ್ಟಿ ಹೊತ್ತು ಹೋದ. ಅವನ ಮಾತು ಅಚ್ಯುತನ ಜೊತೆ ಮನೆಗೆ ಬಂತು. ಕೈಕಾಲು ತೊಳೆಯುವಾಗ ಅವನು ತನ್ನ ಬಲಗಾಲನ್ನು ನೋಡಿಕೊಂಡ. ಊತವಿಲ್ಲ, ನೋವಿಲ್ಲ, ಕೆಂಪಿಲ್ಲ. ಏನೂ ಇಲ್ಲ. ಮೀನಿನವನಿಗೂ ಮೊದಲು ಹಾಗೇ ಇತ್ತಲ್ಲ!

ಅಂದಿನಿಂದ ನೋಡುವುದು ಶುರು. ಬೆಳಿಗ್ಗೆ ಎದ್ದ ಕೂಡಲೆ, ಸ್ನಾನದಲ್ಲಿ, ಬಸ್ಸಿಗೆ ಕಾಯುವಾಗ ಪಂಚೆ ಸ್ವಲ್ಪ ಎತ್ತಿ. ಕಣ್ಣು ಮೋಸ ಮಾಡಬಹುದೆಂದು ಅಳತೆ ಬೇಕೆನಿಸಿತು. ಸುಮಿತ್ರಳ ಹೊಲಿಗೆ ಟೇಪು ಕೇಳಿದರೆ ಯಾಕೆ ಎನ್ನುತ್ತಾಳೆ. ಹಾಗಾಗಿ ಯಾರನ್ನೂ ಕೇಳಬೇಕಿಲ್ಲದ, ಹಗಲೂ ರಾತ್ರಿ ಮೈಮೇಲೇ ಇರುವ ದಾರವನ್ನು ಹಿಡಿದ. ಜನಿವಾರ.

ಜನಿವಾರವನ್ನು ಮೈಯಿಂದ ತೆಗೆಯಬಾರದು. ಅಚ್ಯುತ ಬಚ್ಚಲಿನ ಬಾಗಿಲು ಹಾಕಿ, "ತಪ್ಪಾಯ್ತು ತಾಯೀ" ಎಂದು ಮೂರು ಸಲ ಹೇಳಿ, ಅದನ್ನು ತೆಗೆದ. ಎರಡು ಮಡಿಕೆ ಮಾಡಿ ಮೀನಖಂಡದ ಸುತ್ತ ಸುತ್ತಿದ. ಮೂರು ಸುತ್ತು ಬಂದು ಬ್ರಹ್ಮಗಂಟು ಸರಿಯಾಗಿ ಕಾಲಿನ ಮುಂಬದಿಯಲ್ಲಿದ್ದ ಕಪ್ಪು ಮಚ್ಚೆಗೆ ತಾಗಿತು. ಎಡಗಾಲಿನಲ್ಲೂ ಹಾಗೇ, ಅಲ್ಲೊಂದು ಹಳೆಯ ಗಾಯದ ಗುರುತಿಗೆ. ಅವನಿಗೆ ಜೀವ ಬಂದ ಹಾಗಾಯಿತು. ದಿನಕ್ಕೆ ಒಂದು ಸಲ ಅಳೆದರೆ ಸಾಕು ಎಂದುಕೊಂಡ. ವಾರದಲ್ಲಿ ಅದು ಮೂರು ಸಲವಾಯಿತು, ತಿಂಗಳಲ್ಲಿ ಲೆಕ್ಕ ತಪ್ಪಿತು. ಆ ದೇವಿಗೆ ಅವನು ಹೇಳಿದ ತಪ್ಪಾಯ್ತುಗಳನ್ನು ಸಾಲಾಗಿ ಜೋಡಿಸಿದ್ದರೆ ಕೊಚ್ಚಿಯಿಂದ ಮಂಗಳೂರಿನವರೆಗೆ ತಂತಿ ಎಳೆಯಬಹುದಿತ್ತು.

ಅವನ ಜನಿವಾರಗಳೆಲ್ಲ ದೊಡ್ಡಪ್ಪ ಕೃಷ್ಣಾನಂದರ ತಕಲಿಯಿಂದಲೇ ಬಂದವು. ದೊಡ್ಡಪ್ಪನ ಕೈ ಎಂದರೆ ಕೈಯೇ, ಅವರು ಅಂಗೈಯಲ್ಲಿ ಒಂದು ಸೇರು ಅವಲಕ್ಕಿ ಕಲಸಿ ನಾಲ್ಕು ಜನಕ್ಕೆ ಬಡಿಸುತ್ತಿದ್ದರು. ನಾಲ್ಕು ಬೆರಳು ಜೋಡಿಸಿ ಅದಕ್ಕೆ ನೂಲನ್ನು ತೊಂಬತ್ತಾರು ಸುತ್ತು ಸುತ್ತುವುದು, ಆಮೇಲೆ ಹುರಿ ಮಾಡಿ ಮಡಿಸಿ ಗಂಟು ಹಾಕುವುದು ಅವರ ಕ್ರಮ. ಚಿಕ್ಕವನಾಗಿದ್ದಾಗ ಸುತ್ತು ಎಣಿಸುವ ಕೆಲಸ ಅಚ್ಯುತನದು. ಅವನು ಎಲ್ಲಿಗೆ ವರ್ಗವಾದರೂ ಪ್ರತಿ ಶ್ರಾವಣಕ್ಕೆ ಟಪಾಲಿನಲ್ಲಿ ಒಂದು ಕಟ್ಟು ಬಂದೇ ಬರುತ್ತಿತ್ತು.

ಎಪ್ಪತ್ತೊಂದರ ಜೂನಿನಲ್ಲಿ ಅಚ್ಯುತ ಮೊದಲನೆಯ ಡಾಕ್ಟರ ಹತ್ತಿರ ಹೋದ. ಒಳ್ಳೆಯ ಮನುಷ್ಯ, ಎರಡೂ ಕಾಲಿಗೆ ಟೇಪು ಹಿಡಿದು ಚೀಟಿಯಲ್ಲಿ ಹದಿಮೂರೂವರೆ ಇಂಚು ಎಂದು ಬರೆದು, "ಒನ್ನುಮಿಲ್ಲ" ಎಂದರು. ಏನೂ ಇಲ್ಲ. ಅಚ್ಯುತ ಹಾರಿಕೊಂಡು ಮನೆಗೆ ಬಂದ. ಎಂಟು ದಿನ ಸುಖ. ಒಂಬತ್ತನೆಯ ದಿನ ತಂತಿ ಕೀಲಿ ಬಡಿಯುತ್ತಾ ಇದ್ದವನಿಗೆ ಹೊಳೆಯಿತು, ಮೊದಲು ಏನೂ ಇರುವುದೇ ಇಲ್ಲವಲ್ಲ. ಬೆವರು ಕೀಲಿಯ ಮೇಲೆ ಬಿತ್ತು. ಆ ದಿನ ಒಂದು ಮದುವೆ ಮನೆಗೆ ಹೋಗಬೇಕಾದ ಶುಭಾಶಯ ತಂತಿ ಆಲಪ್ಪುಳದ ಹಗ್ಗದ ಕಾರ್ಖಾನೆಗೆ ಹೋಯಿತು.

ಎರಡನೆಯ ಡಾಕ್ಟರ ಒನ್ನುಮಿಲ್ಲ ಮೂರು ದಿನ ಬಾಳಿತು. ಅಷ್ಟರಲ್ಲಿ ಆನೆಕಾಲು ರೋಗದ ತಪಾಸಣೆಯವರು ಮನೆಮನೆಗೆ ಬಂದರು. ಆ ಹುಳುಗಳು ಹಗಲು ಎಲ್ಲೋ ಅಡಗಿದ್ದು, ರಾತ್ರಿಯಾದ ಮೇಲೆ ಮಾತ್ರ ರಕ್ತಕ್ಕೆ ಇಳಿಯುತ್ತವಂತೆ. ಹಾಗಾಗಿ ಅವರು ಬರುವುದೇ ರಾತ್ರಿ, ಲಾಂದ್ರ ಹಿಡಿದು. ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಮೇಲೆ ಒಂದು ಹನಿ ಒರೆಸಿಕೊಂಡು ಹೋದರು. ತನ್ನೊಳಗೆ ಕತ್ತಲಾಗುವುದನ್ನೇ ಕಾಯುತ್ತಾ ಏನೋ ಕೂತಿದೆ ಎಂಬುದು ಅಚ್ಯುತನ ತಲೆಗೆ ಹೊಕ್ಕದ್ದು ಅಂದೇ. ಆಮೇಲೆ ಸೂರ್ಯ ಮುಳುಗಿದ ಕೂಡಲೆ ಮೈಯೆಲ್ಲ ಹರಿದಾಡಿದ ಹಾಗೆ. ವಾರದ ಮೇಲೆ ಚೀಟಿ ಬಂತು, ರಕ್ತದಲ್ಲಿ ಹುಳುವಿಲ್ಲ.

"ಇನ್ನಾದರೂ ಮಂಡೆ ತಣ್ಣಗಾಯ್ತಾ?" ಎಂದಳು ಸುಮಿತ್ರ.

"ಅವರು ಬಂದದ್ದು ಎಷ್ಟೊತ್ತಿಗೆ?"

"ಒಂಬತ್ತಕ್ಕೆ."

"ಅದೇ ಕಾಣು. ಹತ್ತಕ್ಕೆ ಬರ್ಬೇಕಿತ್ತು. ಒಂಬತ್ತಕ್ಕೆ ಅವು ಎದ್ದಿರುದಿಲ್ಲ."

"ಅವಕ್ಕೆ ಅಲಾರಾಂ ಉಂಟಾ ಮಾರಾಯ್ರೆ?" ಎಂದು ಸುಮಿತ್ರ ನಕ್ಕಳು. ಗಂಡನ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. ಆ ಮುಖದಲ್ಲಿ ರಕ್ತವೇ ಇರಲಿಲ್ಲ.

ಆಗಸ್ಟಿನಲ್ಲಿ ಉಪಾಕರ್ಮ ಬಂತು, ವರ್ಷಕ್ಕೊಮ್ಮೆ ಹಳೆಯ ಜನಿವಾರ ಬಿಟ್ಟು ಹೊಸದು ಹಾಕಿಕೊಳ್ಳುವ ದಿನ. ದೊಡ್ಡಪ್ಪ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರಿಂದ ಆ ವರ್ಷ ಕಟ್ಟು ಬರಲಿಲ್ಲ. ಆದರೇನು, ಎಡಪ್ಪಳ್ಳಿಯ ದೇವಸ್ಥಾನದಲ್ಲಿ ವೆಂಕಟರಮಣ ಎಂಬ್ರಾಂದಿರಿ ಇದ್ದರು. ತುಳುನಾಡಿನಿಂದ ಬಂದ ಅರ್ಚಕರನ್ನು ಆ ಊರಿನವರು ಎಂಬ್ರಾಂದಿರಿ ಎನ್ನುತ್ತಾರೆ. ಎಪ್ಪತ್ತು ದಾಟಿದ ಮುದುಕರು, ಗುಬ್ಬಚ್ಚಿಯಷ್ಟು ದೇಹ. ತೀರ್ಥದ ಉದ್ಧರಣೆ ಅವರ ಕೈಯಲ್ಲಿ ಸೌಟಿನ ಹಾಗೆ ಕಾಣುತ್ತಿತ್ತು. ಅವರೇ ನೂತು ಮಾಡಿದ ಜನಿವಾರಗಳನ್ನು ಕೊಚ್ಚಿಯ ಕನ್ನಡದವರಿಗೆಲ್ಲ ಕೊಟ್ಟರು. ಅಚ್ಯುತ ಹೊಸದನ್ನು ಹಾಕಿಕೊಂಡ, ಹಳೆಯದನ್ನು ಕ್ರಮದ ಪ್ರಕಾರ ಕೆರೆಗೆ ಬಿಟ್ಟ, ಪಾಯಸ ಉಂಡ.

ಮಾರನೆಯ ಬೆಳಿಗ್ಗೆ ಬಚ್ಚಲಲ್ಲಿ ಸುತ್ತಿದ. ಒಂದು, ಎರಡು, ಮೂರು.

ಗಂಟು ಮಚ್ಚೆಗೆ ತಾಗಲಿಲ್ಲ.

ಎರಡು ಬೆರಳಿನಷ್ಟು ದೂರದಲ್ಲೇ ನಿಂತಿತು. ಅಚ್ಯುತ ಬಿಚ್ಚಿ ಮತ್ತೆ ಸುತ್ತಿದ. ಬಿಗಿಯಾಗಿ ಎಳೆದ. ದಾರ ಚರ್ಮಕ್ಕೆ ಕೊರೆಯಿತೇ ಹೊರತು ಗಂಟು ಬರಲಿಲ್ಲ. ಕೈ ಜಾರಿ ದಾರ ನೀರಿಗೆ ಬಿತ್ತು. ಎಡಗಾಲಾದರೂ ನೋಡೋಣ, ಅದು ಸರಿಯಿದ್ದರೆ ಎಂದು ಸುತ್ತಿದ. ಅಲ್ಲೂ ಎರಡು ಬೆರಳು ಕಡಿಮೆ.

ಎರಡೂ ಕಾಲಿಗೆ!

ಬಚ್ಚಲಿನ ಗೋಡೆ ಹಿಡಿದು ಅವನು ಕೂತೇಬಿಟ್ಟ. ಕಿವಿಯಲ್ಲಿ ಗುಂಯ್ ಎಂಬ ಸದ್ದು. ಹೊರಗೆ ನಿರ್ಮಲ ಬಾಗಿಲು ಬಡಿಯುತ್ತಿದ್ದಳು. ಅವನಿಗೆ ಮೊದಲು ಕಂಡದ್ದು ತನ್ನ ಕಾಲಲ್ಲ. ರಾತ್ರಿ ತನ್ನನ್ನು ಕಚ್ಚಿದ ಸೊಳ್ಳೆ ಹಾರಿಹೋಗಿ ಪಕ್ಕದಲ್ಲಿ ಮಲಗಿದ್ದ ಮಗುವಿನ ಸಣ್ಣ ಪಾದದ ಮೇಲೆ ಕೂತದ್ದು ಕಂಡಿತು. ಕಣ್ಣಾರೆ ಕಂಡ ಹಾಗೇ ಕಂಡಿತು.

ಆ ದಿನದಿಂದ ಅವನು ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಬೇರೆ ಪರದೆ ಕಟ್ಟಿ ಮಲಗಿದ. ಮಗಳು ಹತ್ತಿರ ಬಂದರೆ ಎದ್ದು ನಿಲ್ಲುತ್ತಿದ್ದ. ನಿರ್ಮಲ ಸಂಜೆ ಚಾಪೆ ಬಿಡಿಸಿ ಕಾದಳು, ನಾಲ್ಕು ದಿನ ಕಾದಳು. ಐದನೆಯ ದಿನ ಚಾಪೆಯನ್ನು ತಾನೇ ಸುತ್ತಿ ಮೂಲೆಗೆ ನಿಲ್ಲಿಸಿದಳು. ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು ಎಂದು ಸುಮಿತ್ರಳಿಗೆ ಅನಿಸಿತು.

ಮೂರನೆಯ ಡಾಕ್ಟರು ಕಾಲನ್ನು ಕಣ್ಣಲ್ಲೇ ನೋಡಿ ಒನ್ನುಮಿಲ್ಲ ಎಂದರು. ಜನಿವಾರದ ಸಂಗತಿ ಹೇಳಲು ಅಚ್ಯುತನಿಗೆ ನಾಚಿಕೆ. ಆ ಸಮಾಧಾನ ಆಸ್ಪತ್ರೆಯ ಮೆಟ್ಟಿಲು ಇಳಿಯುವವರೆಗೆ ಇತ್ತು, ಕೊನೆಯ ಮೆಟ್ಟಿಲಲ್ಲಿ ಮುಗಿಯಿತು.

ದೀಪಾವಳಿಗೆ ಎಂಟು ದಿನ ಇರುವಾಗ ಸುಮಿತ್ರ ಟ್ರಂಕು ತುಂಬಿಸಿದಳು.

"ನಾನು ತಿರುವನಂತಪುರಕ್ಕೆ, ಅಣ್ಣನ ಮನೆಗೆ ಹೋಗ್ತೇನೆ. ಮಗುವೂ ಬರ್ತಾಳೆ."

"ಒಳ್ಳೇದು. ಅವಳು ಇಲ್ಲಿಂದ ದೂರ ಇರುದೇ ಒಳ್ಳೇದು."

"ಪೂರ್ತಿ ಕೇಳಿ. ಅಣ್ಣನಿಗೆ ಒಬ್ರು ಡಾಕ್ಟರು ಗೊತ್ತುಂಟು. ನೀವೂ ಬಂದು ತೋರಿಸಿದ್ರೆ ಎಲ್ಲರೂ ಒಟ್ಟಿಗೆ ತಿರುಗಿ ಬರುವಾ. ಇಲ್ಲದಿದ್ರೆ ನಾನೂ ಅವಳೂ ಬರುದಿಲ್ಲ. ಅಪ್ಪ ಇದ್ದೂ ಇಲ್ಲದ ಮನೆಯಲ್ಲಿ ಅವಳನ್ನು ನಾನು ಬೆಳೆಸುದಿಲ್ಲ."

ಅಚ್ಯುತ ಜೊತೆಗೆ ಹೊರಟ. ಆಲಪ್ಪುಳದ ದಾರಿಯ ಬಸ್ಸು. ಶೇರ್ತಲೆಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ, ಅಲ್ಲಿ ಆ ರೋಗ ಹೆಚ್ಚೆಂದು ಅವನು ಕೇಳಿದ್ದ. ಊರು ಬರುವ ಮೊದಲೇ ಕಣ್ಣು ಮುಚ್ಚಿದವನು ಕೊಲ್ಲಂ ಬಂದ ಮೇಲೆಯೇ ಬಿಟ್ಟ. ನಡುವೆ ಪಕ್ಕದವನು "ಸಾರೆ, ಮೈಗೆ ಸುಖವಿಲ್ಲವೇ" ಎಂದು ಕೇಳಿದಾಗ ಕಣ್ಣು ಮುಚ್ಚಿಕೊಂಡೇ "ಒನ್ನುಮಿಲ್ಲ" ಎಂದ. ಹೇಳಿದ ಮೇಲೆ ಆ ಮಾತಿಗೇ ಬೆಚ್ಚಿದ.

ಸುಮಿತ್ರಳ ಅಣ್ಣ ದಿನಕರ ತುಂಬ ಎಂಬ ಕಡಲತೀರದ ಊರಿನ ರಾಕೆಟ್ ಕೇಂದ್ರದಲ್ಲಿ ಮೆಕ್ಯಾನಿಕ್. ಉಳ್ಳೂರಿನಲ್ಲಿ ಮನೆ. ಅವನ ದನಿ ಕೇಳಿದರೆ ರಾಕೆಟ್ಟಿಗೆ ಬೇರೆ ಬೆಂಕಿ ಬೇಡ.

"ಏನು ಭಾವ, ಕಾಲು ಬಾತಿದೆಯಂತೆ? ಎಲ್ಲಿ ತೋರ್ಸಿ. ಥೂ, ಇದಾ? ನಮ್ಮ ಮನೆಯ ಕೋಳಿ ಇದಕ್ಕಿಂತ ದಪ್ಪ ಕಾಲಿಟ್ಟುಕೊಂಡು ಮೊಟ್ಟೆ ಇಡ್ತದೆ!"

"ತಮಾಷೆ ಮಾಡ್ಬೇಡ ದಿನಕರ."

"ತಮಾಷೆ ಅಲ್ಲ, ಕೋಳಿ ತೋರಿಸ್ಲಾ?"

ಮರುದಿನ ಬೆಳಿಗ್ಗೆ ಎಲ್ಲರೂ ಡಾಕ್ಟರ್ ಪ್ರೇಮ ಅವರ ಕೋಣೆಗೆ ಹೋದರು. ಮೆಡಿಕಲ್ ಕಾಲೇಜಿನ ರಸ್ತೆಯಲ್ಲಿ ಒಂದು ಹಳೆಯ ಹಂಚಿನ ಮನೆ. ಮಧ್ಯವಯಸ್ಸಿನ ಹೆಂಗಸು, ದಪ್ಪ ಕನ್ನಡಕ. ನಿರ್ಮಲಳನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ ಉಳಿದವರು ಒಳಗೆ ಹೋದರು.

"ನಾನು ಮಂಗಳೂರಿನಲ್ಲಿ ಓದಿದ್ದು," ಎಂದರು ಡಾಕ್ಟರು. "ಕನ್ನಡ ಬರ್ತದೆ. ಬೈಯುವಷ್ಟು ಚೆನ್ನಾಗಿ ಬರ್ತದೆ. ಕೂತ್ಕೊಳ್ಳಿ."

ಅವರು ಕಾಲನ್ನು ಬೆರಳಿನಿಂದ ಒತ್ತಿ ನೋಡಿದರು, ತೊಡೆಯ ಸಂದು ನೋಡಿದರು, ಟೇಪು ಹಿಡಿದರು. ಆಮೇಲೆ ಟೇಪನ್ನು ಪಕ್ಕಕ್ಕಿಟ್ಟು, ಕಾಲನ್ನು ಬಿಟ್ಟು, ಅವನ ಮುಖವನ್ನು ನೋಡಿ ಕೇಳಲು ಶುರು ಮಾಡಿದರು. ಹಿಂದಿನ ಮೂವರು ಯಾರೂ ಕೇಳದ ಪ್ರಶ್ನೆಗಳು.

"ದಿನಕ್ಕೆ ಎಷ್ಟು ಸಲ ಕಾಲು ನೋಡ್ತೀರಿ?"

"ಮೂರು... ನಾಲ್ಕು ಸಲ."

"ನಲವತ್ತು," ಎಂದಳು ಸುಮಿತ್ರ.

"ಡಾಕ್ಟರು ಏನೂ ಇಲ್ಲ ಅಂದ ಮೇಲೆ ಎಷ್ಟು ದಿನ ಸಮಾಧಾನ?"

ಅಚ್ಯುತ ಎಂಟು ದಿನ, ಮೂರು ದಿನ, ಮೆಟ್ಟಿಲು ಎಂದು ಹೇಳಿದ. ಹೇಳುವಾಗ ಅವನಿಗೇ ವಿಚಿತ್ರವೆನಿಸಿತು.

"ಈ ಕಾಲಿಗಿಂತ ಮೊದಲು ಬೇರೆ ಯಾವುದಾದರೂ ರೋಗದ ಹೆದರಿಕೆ ಇತ್ತಾ?"

"ಇಲ್ಲಪ್ಪ."

"ಇತ್ತು," ಎಂದಳು ಸುಮಿತ್ರ ಮೆಲ್ಲಗೆ. "ಮಂಗಳೂರಿನಲ್ಲಿ ಇವರ ಪಕ್ಕದ ಮೇಜಿನವರಿಗೆ ಕ್ಷಯ ಆಗಿತ್ತು. ಒಂದು ವರ್ಷ ಇವರು ಪ್ರತಿ ಸಲ ಕೆಮ್ಮಿದಾಗ ಕರ್ಚೀಫು ಬೆಳಕಿಗೆ ಹಿಡಿದು ರಕ್ತ ಉಂಟಾ ನೋಡ್ತಿದ್ರು. ಮದುವೆಯಾದ ಹೊಸತು. ನಾನು ಯಾರಿಗೂ ಹೇಳ್ಲಿಲ್ಲ."

ಅಚ್ಯುತ ಅದನ್ನು ಪೂರ್ತಿ ಮರೆತಿದ್ದ.

"ಈಗ ಈ ಹೆದರಿಕೆಯಿಂದ ನೀವು ಏನೇನು ಮಾಡುದು ಬಿಟ್ಟಿದ್ದೀರಿ?"

ಅವನು ಬಾಯಿ ತೆರೆದ. ಕಿಟಕಿಯಲ್ಲಿ ನಿರ್ಮಲಳ ಜಡೆ ಕಾಣುತ್ತಿತ್ತು. ಬೆಂಚಿನ ಮೇಲೆ ಕೂತು ಕಾಲನ್ನು ತಾನೇ ತೂಗಿಕೊಳ್ಳುತ್ತಿದ್ದಳು. ಡಾಕ್ಟರು ಅವನ ಕಣ್ಣು ಹೋದ ಕಡೆ ನೋಡಿ, ಏನೋ ಬರೆದುಕೊಂಡರು.

"ಆದರೆ ಡಾಕ್ಟರೇ, ಇದು ಬರೀ ಹೆದರಿಕೆ ಅಲ್ಲ!" ಎಂದು ಅಚ್ಯುತ ಒಮ್ಮೆಲೇ ಎದ್ದ. ನಾಚಿಕೆ ಬಿಟ್ಟು ಅಂಗಿಯೊಳಗೆ ಕೈ ಹಾಕಿ ಜನಿವಾರ ತೆಗೆದ. "ಕಾಣಿ, ಕಣ್ಣಾರೆ ಕಾಣಿ. ಮೊದಲು ಗಂಟು ಈ ಮಚ್ಚೆಗೆ ಬರ್ತಿತ್ತು. ಈಗ ಇಲ್ಲಿ ನಿಲ್ತದೆ. ಎರಡು ಬೆರಳು! ಎರಡೂ ಕಾಲು ಎರಡೆರಡು ಬೆರಳು ಬಾತಿದೆ!"

ಸುಮಿತ್ರ ಹಣೆಗೆ ಕೈ ಹಚ್ಚಿಕೊಂಡಳು. "ಅಯ್ಯೋ ದೇವರೇ, ಬಚ್ಚಲಲ್ಲಿ ಇದನ್ನಾ ಮಾಡ್ತಾ ಇದ್ದದ್ದು?"

ಡಾಕ್ಟರು ನಗಲಿಲ್ಲ. "ನಿಮ್ಮ ಹಳೇ ಚೀಟಿಗಳು ಉಂಟಾ?"

ಬಿಸ್ಕಿಟ್ ಡಬ್ಬಿಯಲ್ಲಿ ಎಲ್ಲವೂ ಇದ್ದವು. ಜೂನಿನ ಚೀಟಿ ತೆಗೆದು ಅವರು ಅವನ ಮುಂದಿಟ್ಟರು. "ಓದಿ."

"ಹದಿಮೂರೂವರೆ ಇಂಚು."

"ನಾನು ಈಗ ಬರೆದದ್ದು?"

"ಹದಿ... ಹದಿಮೂರೂವರೆ."

"ಕಾಲು ಅಷ್ಟೇ ಉಂಟು. ಹಾಗಾದ್ರೆ ಬದಲಾದದ್ದು ಯಾವುದು?"

ಅಚ್ಯುತ ಕೈಯಲ್ಲಿದ್ದ ದಾರವನ್ನು ನೋಡಿದ. ದೊಡ್ಡಪ್ಪನ ನಾಲ್ಕು ಬೆರಳು ಕಣ್ಣ ಮುಂದೆ ಬಂತು, ಬಾಳೆಕಾಯಿಯ ಚಿಪ್ಪಿನಂಥ ಬೆರಳುಗಳು. ಆಮೇಲೆ ವೆಂಕಟರಮಣ ಎಂಬ್ರಾಂದಿರಿಯ ನಾಲ್ಕು ಬೆರಳು ಬಂತು, ತೊಂಡೆಕಾಯಿಯಂಥವು. ತೊಂಬತ್ತಾರು ಸುತ್ತು ಇಬ್ಬರದೂ ತೊಂಬತ್ತಾರೇ.

"ಎಂಬ್ರಾಂದಿರಿಯ ಕೈ..." ಎಂದ ಅವನು. "ಅವರ ಕೈ ಸಣ್ಣದು!"

ಅರ್ಥವಾಗಲು ದಿನಕರನಿಗೆ ಒಂದು ಕ್ಷಣ ಹಿಡಿಯಿತು. ಆಮೇಲೆ ಅವನು ನಕ್ಕ ನಗುವಿಗೆ ಡಾಕ್ಟರ ಮೇಜಿನ ಮೇಲಿದ್ದ ಶೀಷೆಗಳೆಲ್ಲ ಒಂದಕ್ಕೊಂದು ತಾಗಿ ಕುಣಿದವು, ಹೊರಗೆ ಕಾಯುತ್ತಿದ್ದ ಇಬ್ಬರು ರೋಗಿಗಳು ಗುಣವಾಗಿ ಮನೆಗೆ ಹೋದರು. ಸುಮಿತ್ರ ನಕ್ಕಳು, ಅಚ್ಯುತನೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಹತ್ತು ತಿಂಗಳಲ್ಲಿ ಅವನಿಗೆ ಎದೆ ತುಂಬ ಉಸಿರು ಬಂದದ್ದು ಅದೇ ಮೊದಲು.

"ಮುಗೀತು ಡಾಕ್ಟರೇ. ನನಗೆ ರೋಗವೇ ಇಲ್ಲ!"

"ಆನೆಕಾಲು ಇಲ್ಲ," ಎಂದರು ಡಾಕ್ಟರು. ಅವರೊಬ್ಬರೇ ಇನ್ನೂ ನಗುತ್ತಿರಲಿಲ್ಲ. "ಇನ್ನೊಂದು ಉಂಟು ಅಂತ ನನಗೆ ಸಂಶಯ. ಒಂದು ಕೆಲಸ ಮಾಡಿ. ಈ ಖುಷಿ ಎಷ್ಟು ಹೊತ್ತು ಇರ್ತದೆ ಅಂತ ಗಡಿಯಾರ ನೋಡಿ. ನಿಮಗೆ ಇದ್ದದ್ದು ಕಾಲಿನ ಸಂಶಯ ಮಾತ್ರ ಆದ್ರೆ ಇದು ಹೋಗುದಿಲ್ಲ. ಹೋದ್ರೆ ನನ್ನ ಹತ್ತಿರ ಬನ್ನಿ. ಬೇರೆ ಡಾಕ್ಟರ ಹತ್ತಿರ ಬೇಡ, ನನ್ನ ಹತ್ತಿರವೇ."

ಅಚ್ಯುತ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಆ ಸಂಜೆ ತುಂಬದಲ್ಲಿ ರಾಕೆಟ್ ಹಾರಿಸುವುದಿತ್ತು. ದಿನಕರ ಎಲ್ಲರನ್ನೂ ದೂರದ ರಸ್ತೆಯ ಬದಿಗೆ ಕಳಿಸಿದ. ದಡದ ಮೀನುಗಾರರ ಮನೆಯವರೂ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಲ್ಲೇ ನಿಂತಿದ್ದರು. ಅಚ್ಯುತ ಎರಡು ತಿಂಗಳ ಮೇಲೆ ಮಗಳನ್ನು ಹೆಗಲಿಗೆ ಏರಿಸಿದ. ಅವಳು ಮೊದಲು ಹಿಂಜರಿದಳು, ಆಮೇಲೆ ಅವನ ಕೂದಲು ಗಟ್ಟಿಯಾಗಿ ಹಿಡಿದಳು.

ತೆಂಗಿನ ತೋಟದ ಹಿಂದಿನಿಂದ ಬೆಳಕು ಎದ್ದಿತು. ಸದ್ದು ಆಮೇಲೆ ಬಂತು. ಬಂದದ್ದು ಕಿವಿಗಲ್ಲ, ನೇರ ಎದೆಗೆ. ಸ್ವಲ್ಪ ಹೊತ್ತಿನಲ್ಲಿ ಎತ್ತರದಲ್ಲಿ, ಮುಳುಗಿದ ಸೂರ್ಯ ಮತ್ತೆ ಎದ್ದ ಹಾಗೆ, ಒಂದು ಕಿತ್ತಳೆ ಬಣ್ಣದ ಹೊಗೆ ಹರಡಿತು. ಎಲ್ಲರೂ ಓ ಎಂದರು. ಅಚ್ಯುತನೂ ಓ ಎನ್ನಬೇಕೆಂದಿದ್ದ.

ಎದೆ ಒಂದು ಬಡಿತ ತಪ್ಪಿತು.

ತಪ್ಪಿತೇ? ಅವನು ಕಾದ. ಡಬ್, ಡಬ್, ಡಬ್. ಆಮೇಲೆ ಮತ್ತೆ ತಪ್ಪಿದ ಹಾಗೆ. ಮೈ ತಣ್ಣಗಾಯಿತು. ಎಡಗೈ ಜೋಮು ಹಿಡಿದಿದೆಯೇ? ಮಗಳನ್ನು ಹೊತ್ತದ್ದಕ್ಕೋ? ಅಲ್ಲ, ಹೃದಯದ ರೋಗಕ್ಕೆ ಕೈಯಲ್ಲವೇ ಮೊದಲು ಹಿಡಿಯುವುದು? ಅವನ ಬಲಗೈ ತನ್ನಷ್ಟಕ್ಕೇ ಎಡಗೈಯ ನಾಡಿಗೆ ಹೋಯಿತು. ಮಗಳ ಕಾಲು ಹಿಡಿಯಬೇಕಾದ ಕೈ ಅದು. ನಿರ್ಮಲ ಹೆಗಲ ಮೇಲೆ ವಾಲಿದಳು.

"ಅಚ್ಛಾ!" ಎಂದು ಮಲಯಾಳದಲ್ಲೇ ಅಪ್ಪನನ್ನು ಕರೆದು ಕಿರುಚಿದಳು.

ಬೀಳುವ ಮೊದಲು ಪಕ್ಕದ ಮೀನುಗಾರ ಹೆಂಗಸು ಅವಳನ್ನು ಹಿಡಿದುಕೊಂಡಳು. ಸುಮಿತ್ರ ಗಂಡನನ್ನು ನೋಡಿದಳು, ನಾಡಿಯ ಮೇಲಿದ್ದ ಅವನ ಬೆರಳುಗಳನ್ನು ನೋಡಿದಳು. ಮಗುವನ್ನು ಎತ್ತಿಕೊಂಡು ಮುಂದೆ ನಡೆದಳು.

ಆ ರಾತ್ರಿ ಅಚ್ಯುತ ಮಲಗಲಿಲ್ಲ. ಒಂದು ಕಡೆ ಎದೆಯ ಬಡಿತ ಎಣಿಸುತ್ತಿದ್ದ. ಇನ್ನೊಂದು ಕಡೆ, ಅದಕ್ಕಿಂತ ದೊಡ್ಡ ಹೆದರಿಕೆ ಬಾಗಿಲಲ್ಲಿ ನಿಂತು ಅವನನ್ನು ನೋಡುತ್ತಿತ್ತು. ಕಾಲು ಸರಿಯಿತ್ತು. ಕಾಲು ಸರಿಯೆಂದು ಅವನಿಗೇ ಗೊತ್ತಿತ್ತು. ಆದರೂ ಅದು ಹೋಗಿರಲಿಲ್ಲ. ಕಾಲಿನಿಂದ ಇಳಿದು ಎದೆಗೆ ಏರಿತ್ತು, ಹಿಂದೆ ಕರ್ಚೀಫಿನಿಂದ ಕಾಲಿಗೆ ಬಂದ ಹಾಗೆ. ಎದೆ ಸರಿಯೆಂದರೆ ನಾಳೆ ಎಲ್ಲಿಗೆ ಹೋಗುತ್ತದೆ? ಅವನ ಕೈಯಿಂದ ಮಗು ಜಾರಿದ್ದು ರೋಗದಿಂದಲ್ಲ. ರೋಗ ಉಂಟೋ ಎಂದು ನೋಡಲು ಹೋದದ್ದರಿಂದ.

ಬೆಳಗಾದ ಕೂಡಲೆ ಅವನೊಬ್ಬನೇ ಡಾಕ್ಟರ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಅವರು ಹಾಲಿನ ಪಾತ್ರೆ ತೆಗೆದುಕೊಳ್ಳಲು ಬಾಗಿಲು ತೆರೆದರು.

"ಎಷ್ಟು ಹೊತ್ತು ಇತ್ತು ಖುಷಿ?"

"ಎಂಟು ಗಂಟೆ," ಎಂದ ಅಚ್ಯುತ. "ಈಗ ಎದೆಯಲ್ಲಿ ಉಂಟು. ಆದರೆ ಡಾಕ್ಟರೇ, ನಾನು ಎದೆ ತೋರಿಸಲಿಕ್ಕೆ ಬಂದದ್ದಲ್ಲ. ಹೆದರಿಕೆ ತೋರಿಸಲಿಕ್ಕೆ ಬಂದದ್ದು."

ಡಾಕ್ಟರು ಆಗ ಮೊದಲ ಸಲ ನಕ್ಕರು. "ಒಳಗೆ ಬನ್ನಿ."

ಎದೆಗೆ ಒಂದು ಸಲ ಕಿವಿಗೊಟ್ಟು ಕೇಳಿ, ಸ್ಟೆಥಾಸ್ಕೋಪನ್ನು ಮೇಜಿನ ಡ್ರಾವರಿನೊಳಗೆ ಹಾಕಿ ಮುಚ್ಚಿದರು. "ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಉದ್ದದ ಹೆಸರುಂಟು. ನಾವು ರೋಗಭಯ ಅನ್ನುವಾ. ಇದು ನಾಟಕ ಅಲ್ಲ, ಹುಚ್ಚೂ ಅಲ್ಲ. ನಿಮ್ಮ ಹೆದರಿಕೆ ಸುಳ್ಳಲ್ಲ, ಅದು ಹೇಳುವ ಸುದ್ದಿ ಸುಳ್ಳು. ನೀವು ತಂತಿ ಆಫೀಸಿನವರಲ್ವಾ? ಅಂಕೆ ಸರಿ ಕೇಳದಿದ್ರೆ ಏನು ಮಾಡ್ತೀರಿ?"

"ಮತ್ತೊಮ್ಮೆ ಹೇಳು ಅಂತ ಆಚೆಯವನಿಗೆ ಕೇಳ್ತೇವೆ."

"ಅವನು ಹೇಳಿದ ಮೇಲೆ?"

"ಬಂತು ಅಂತ ಒತ್ತಿ ಮುಗಿಸ್ತೇವೆ."

"ಮತ್ತೆ ಕೇಳಿದ್ರೆ?"

"ಲೈನು ಕಟ್ಟಿಕೊಳ್ತದೆ. ಬೇರೆ ಯಾರ ಸುದ್ದಿಯೂ ಹೋಗುದಿಲ್ಲ." ಹೇಳುತ್ತಾ ಅವನು ನಿಂತ. ಬೇರೆ ಯಾರ ಸುದ್ದಿ ನಿಂತಿತ್ತೆಂದು ಅವನಿಗೆ ಗೊತ್ತಾಯಿತು. ಮೂಲೆಯಲ್ಲಿ ಸುತ್ತಿ ನಿಲ್ಲಿಸಿದ ಒಂದು ಚಾಪೆ ನೆನಪಾಯಿತು.

"ಹಾಗಾದ್ರೆ ಕೇಳಿ. ತಿಂಗಳಿಗೊಂದು ಸಲ, ಮೊದಲನೇ ಶನಿವಾರ, ಹೆದರಿಕೆ ಇದ್ರೂ ಇಲ್ಲದಿದ್ರೂ ನನ್ನ ಹತ್ತಿರ ಬರ್ಬೇಕು. ನಡುವೆ ಅಳೆಯುದಿಲ್ಲ, ನಾಡಿ ಹಿಡಿಯುದಿಲ್ಲ, ಹೆಂಡತಿ ಹತ್ತಿರ ಹೌದಾ ಅಲ್ವಾ ಕೇಳುದಿಲ್ಲ. ಹೆದರಿಕೆ ಬರ್ತದೆ. ಮೊದಮೊದಲು ಈಗಿನದ್ದಕ್ಕಿಂತ ಜೋರಾಗಿ ಬರ್ತದೆ. ಬರ್ಲಿ. ಅದು ಕರೆದಾಗ ನೀವು ಎದ್ದು ಹೋಗ್ಬೇಡಿ. ಬಿಟ್ಟದ್ದನ್ನು ಮತ್ತೆ ಶುರು ಮಾಡಿ."

"ಎದೆ ನಿಜವಾಗಿ ನಿಂತರೆ?"

"ಬೇಡ ಅಂದ ಕೇಳುದು ಇದೇ," ಎಂದರು ಡಾಕ್ಟರು. "ನಾನು ಉತ್ತರ ಹೇಳುದಿಲ್ಲ. ಇವತ್ತಿಂದ ಯಾರೂ ಹೇಳುದಿಲ್ಲ."

ಆ ಸಂಜೆ ದಿನಕರನ ಮನೆಯ ಪಡಸಾಲೆಯಲ್ಲಿ ಅಚ್ಯುತ ತಾನೇ ಚಾಪೆ ಬಿಡಿಸಿದ. ಅಂಗಾತ ಮಲಗಿ ಮೊಣಕಾಲು ಮಡಿಸಿದ. ನಿರ್ಮಲ ಬಾಗಿಲ ಸಂದಿಯಿಂದ ನೋಡಿದಳು, ಅಮ್ಮನ ಮುಖ ನೋಡಿದಳು.

"ಹೋಗು," ಎಂದಳು ಸುಮಿತ್ರ.

ಅವಳು ಬಂದು ಪಾದದ ಮೇಲೆ ಕೂತಳು. ಎರಡು ತಿಂಗಳಲ್ಲಿ ಭಾರವಾಗಿದ್ದಳು. ಅವನು ಕಾಲೆತ್ತಿದ ಕೂಡಲೆ ಎದೆ ಹೊಡೆದುಕೊಳ್ಳತೊಡಗಿತು. ಡಬ್, ಡಬ್, ಆಮೇಲೆ ಒಂದು ಖಾಲಿ. ಹಣೆಯಲ್ಲಿ ಬೆವರು ಒಡೆಯಿತು. ಈಗಲೇ, ಇಲ್ಲೇ, ಮಗು ಮೇಲೆ ಇರುವಾಗಲೇ ಎಂದು ಯಾರೋ ಕಿವಿಯಲ್ಲಿ ಹೇಳಿದ ಹಾಗಾಯಿತು. ಬಲಗೈಯ ಎರಡು ಬೆರಳುಗಳು ಎಡಗೈಯ ಮಣಿಕಟ್ಟಿನ ಕಡೆ ಹೊರಟವು.

ನಿರ್ಮಲ ಎರಡೂ ಕೈಗಳನ್ನು ತನ್ನ ಕಡೆಗೆ ಎಳೆದುಕೊಂಡಳು. ಕೈ ಹಿಡಿಯದೆ ತೂಗುಕಾಲು ಆಗುವುದಿಲ್ಲ.

ಅವನು ತೂಗಿದ. ಒಂದು ಸಲ, ಹತ್ತು ಸಲ. ಹೆದರಿಕೆ ಹೋಗಲಿಲ್ಲ. ಅದು ಎದೆಯ ಮೇಲೇ ಕೂತಿತ್ತು, ಆದರೆ ಇಪ್ಪತ್ತನೆಯ ತೂಗಿಗೆ ಅದು ಏನು ಹೇಳುತ್ತಿದೆಯೆಂದು ಅವನಿಗೆ ಪೂರ್ತಿ ಕೇಳಿಸಲಿಲ್ಲ. ಮಗಳ ನಗು ಜೋರಾಗಿತ್ತು. ಅವನು ಕಾಲು ಇಳಿಸಲು ಹೊರಟ.

"ಒನ್ನುಕೂಡಿ ಅಚ್ಛಾ," ಎಂದಳು ಅವಳು.

"ಇನ್ನೊಮ್ಮೆ ಅಂತ ಕನ್ನಡದಲ್ಲಿ ಹೇಳು. ಹೇಳಿದ್ರೆ ತೂಗ್ತೇನೆ."

"ಇನ್ನೊಮ್ಮೆ," ಎಂದಳು ನಿರ್ಮಲ. ಅವನ ಎರಡೂ ಕೈ ಅವಳ ಮುಷ್ಟಿಯಲ್ಲೇ ಇದ್ದವು.